ಯಾವಾಗ, ಎಷ್ಟು ಹೊತ್ತು: ಭ್ರೂಣದ ಜೀನ್‌ಗಳಿಗೆ ಬೆಳಕಿನ ಸ್ವಿಚ್ಚು

ಹಣ್ಣುನೊಣದ ಮೊಟ್ಟೆ ಸುಮಾರು ಅರ್ಧ ಮಿಲಿಮೀಟರ್ ಉದ್ದವಿರುತ್ತದೆ. ಹೆಣ್ಣುನೊಣ ಅದನ್ನಿಟ್ಟ ಮೂರು ಗಂಟೆಗಳೊಳಗೆ, ಅದರ ಯಾವ ಭಾಗ ತಲೆಯಾಗಬೇಕು, ಯಾವುದು ಎದೆಯಾಗಬೇಕು, ಯಾವುದು ಹೊಟ್ಟೆಯಾಗಬೇಕು ಎಂಬುದು ಬಹುಮಟ್ಟಿಗೆ ತೀರ್ಮಾನವಾಗಿಬಿಟ್ಟಿರುತ್ತದೆ. ಆ ಹೊತ್ತಿನಲ್ಲಿ ಕಣ್ಣಿಗೆ ಕಾಣುವಂಥ ಅಂಗ ಒಂದೂ ಮೂಡಿರುವುದಿಲ್ಲ. ಮೊಟ್ಟೆಯೊಳಗಿನ ಕೋಶಕೇಂದ್ರ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗುತ್ತದೆಯಾದರೂ ಅವುಗಳ ನಡುವೆ ಗೋಡೆ ಏಳುವುದಿಲ್ಲ. ಎಲ್ಲ ಕೇಂದ್ರಗಳೂ ಒಂದೇ ದ್ರವದಲ್ಲಿ ಒಟ್ಟಿಗೆ ಇರುತ್ತವೆ. ಆರಂಭದ ವಿಭಜನೆಗಳು ಎಂಟೊಂಬತ್ತು ನಿಮಿಷಕ್ಕೊಂದರಂತೆ ನಡೆದು, ಹದಿಮೂರು ಸುತ್ತು ಮುಗಿಯುವಾಗ ಸುಮಾರು 6000 ಕೇಂದ್ರಗಳು ಮೊಟ್ಟೆಯ ಮೇಲ್ಮೈಗೆ ಬಂದು ಸಾಲಾಗಿ ನಿಂತಿರುತ್ತವೆ. ಹದಿನಾಲ್ಕನೆಯ ಸುತ್ತಿನಲ್ಲಿ ಮಾತ್ರ ಪೊರೆಗಳು ಇಳಿದು ಪ್ರತಿಯೊಂದು ಕೇಂದ್ರವೂ ಪ್ರತ್ಯೇಕ ಜೀವಕೋಶವಾಗುತ್ತದೆ. ಇಷ್ಟರೊಳಗೆ ಪ್ರತಿ ಕೇಂದ್ರವೂ ತಾನು ಎಲ್ಲಿದ್ದೇನೆ ಎಂಬುದನ್ನು ತಿಳಿದುಕೊಂಡು, ತಕ್ಕ ಜೀನ್‌ಗಳನ್ನು ತೆರೆದು, ಬೇಡದ್ದನ್ನು ಮುಚ್ಚಿಕೊಂಡಿರುತ್ತದೆ.

ಸ್ನಾತಕೋತ್ತರ ತರಗತಿಗಳಿಗೆ ಈ ಪಾಠ ಮಾಡುವ ನನಗೆ, ಪಾಠ ಮಾಡಿದಷ್ಟೂ ಬಲವಾಗುತ್ತ ಬಂದ ಒಂದು ಅತೃಪ್ತಿಯಿದೆ. ನಮ್ಮ ಪಠ್ಯದ ಚಿತ್ರಗಳಲ್ಲಿ ಜಾಗವಿದೆ, ಕಾಲವಿಲ್ಲ. ಯಾವ ಪ್ರೋಟೀನ್ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಅವು ಸೊಗಸಾಗಿ ತೋರಿಸುತ್ತವೆ. ಆ ಪ್ರೋಟೀನ್ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಇರಲೇಬೇಕು, ನಡುವೆ ಹತ್ತು ನಿಮಿಷ ಇಲ್ಲವಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. ಮೂರೇ ಗಂಟೆಗಳಲ್ಲಿ ಮುಗಿಯುವ ನಾಟಕದ ಬಗ್ಗೆ ಈ ಪ್ರಶ್ನೆಯನ್ನು ಕೇಳದೇ ಇರುವುದು ವಿಚಿತ್ರವೇ ಸರಿ. ಆದರೆ ಬಹುಕಾಲ ಅದನ್ನು ಕೇಳುವುದಕ್ಕೆ ಬೇಕಾದ ಸಲಕರಣೆಯೇ ಇರಲಿಲ್ಲ. ಈಗ ಇದೆ, ಅದು ಬೆಳಕು. ಕಳೆದ ಹತ್ತು ವರ್ಷಗಳಲ್ಲಿ ಬೆಳಕಿನ ಪ್ರಯೋಗಗಳು ಕೊಟ್ಟ ಉತ್ತರಗಳಲ್ಲಿ ನನಗೆ ಮುಖ್ಯವೆನಿಸಿದ ಕೆಲವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆದಿಡುತ್ತಿದ್ದೇನೆ.

ಹಳೆಯ ವಿಧಾನದ ಸಾಧನೆ ಸಣ್ಣದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ಅವರು ನೊಣಗಳ ಜೀನ್‌ಗಳನ್ನು ಕೆಡಿಸುವ ಬದಲಾವಣೆಗಳನ್ನು, ಎಂದರೆ ಉತ್ಪರಿವರ್ತನೆಗಳನ್ನು ಉಂಟುಮಾಡಿ, ಯಾವ ಜೀನ್ ಕೆಟ್ಟರೆ ಲಾರ್ವಾದ ಯಾವ ಭಾಗ ಇಲ್ಲವಾಗುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿ, 1980ರಲ್ಲಿ ಪ್ರಕಟಿಸಿದ ಲೇಖನವೇ ಈ ಕ್ಷೇತ್ರದ ಅಡಿಗಲ್ಲು. 1995ರಲ್ಲಿ ಎಡ್ವರ್ಡ್ ಲೂಯಿಸ್ ಅವರೊಡನೆ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್‌ಹಾರ್ಡ್ ಅವರು ಬೈಕಾಯ್ಡ್ ಎಂಬ ಪ್ರೋಟೀನ್ ಮೊಟ್ಟೆಯ ಮುಂದಿನ ತುದಿಯಲ್ಲಿ ದಟ್ಟವಾಗಿದ್ದು, ಹಿಂದಕ್ಕೆ ಹೋದಂತೆ ಇಳಿಯುತ್ತ ಹೋಗುತ್ತದೆ ಎಂದು ತೋರಿಸಿದರು. ತಾಯಿನೊಣದಲ್ಲಿ ಬೈಕಾಯ್ಡ್ ಜೀನ್ ಕೆಟ್ಟಿದ್ದರೆ ಅದರ ಮರಿಗಳಿಗೆ ತಲೆಯೂ ಎದೆಯೂ ಇರುವುದಿಲ್ಲ. ತಲೆಯಿರಬೇಕಾದ ಕಡೆ ಬಾಲದ ತುದಿಯ ರಚನೆಗಳು ಮೂಡುತ್ತವೆ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಉಪ್ಪೇ ಹಾಕದೆ ಸಾರು ಕುದಿಸಿದರೆ ಸಾರಿಗೆ ಉಪ್ಪು ಬೇಕು ಎಂಬುದು ಖಚಿತವಾಗುತ್ತದೆಯೇ ಹೊರತು, ಅದನ್ನು ಯಾವಾಗ ಹಾಕಬೇಕು ಎಂಬುದು ತಿಳಿಯುವುದಿಲ್ಲ. ಜೀನ್ ಅನ್ನು ಕೆಡಿಸಿದರೆ ಅದು ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೂ ಕೆಟ್ಟೇ ಇರುತ್ತದೆ. ಇದನ್ನು ದಾಟುವುದಕ್ಕೆ ಕೆಲವು ದಾರಿಗಳಿದ್ದವು. ಉಷ್ಣತೆ ಏರಿದಾಗ ಮಾತ್ರ ಕೆಡುವಂಥ ಉತ್ಪರಿವರ್ತಿತ ಪ್ರೋಟೀನ್‌ಗಳಿದ್ದರೆ ಮೊಟ್ಟೆಗಳನ್ನು ತಂಪಿನಿಂದ ಬೆಚ್ಚಗಿನ ಪೆಟ್ಟಿಗೆಗೆ ಸಾಗಿಸಬಹುದು. ಆದರೆ ಅಂಥವು ಎಲ್ಲ ಜೀನ್‌ಗಳಿಗೂ ಸಿಗುವುದಿಲ್ಲ, ಮೇಲಾಗಿ ಉಷ್ಣತೆ ಬದಲಾದರೆ ಭ್ರೂಣದ ಬೆಳವಣಿಗೆಯ ವೇಗವೇ ಬದಲಾಗುತ್ತದೆ. ಬೇಕಾದ ಜೀನ್ ಅನ್ನು ಬೇಕಾದ ಅಂಗದಲ್ಲಿ ಚಾಲೂ ಮಾಡಲು 1993ರಿಂದ ನೊಣದ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿರುವ ಗ್ಯಾಲ್4 ವಿಧಾನ ಅದ್ಭುತವಾದದ್ದೇ. ಆದರೆ ಅದರಲ್ಲಿ ಮೊದಲು ಒಂದು ಪ್ರೋಟೀನ್ ತಯಾರಾಗಬೇಕು, ಅದು ಹೋಗಿ ಇನ್ನೊಂದು ಜೀನ್ ಅನ್ನು ತೆರೆಯಬೇಕು, ಆ ಜೀನ್‌ನಿಂದ ಮತ್ತೊಂದು ಪ್ರೋಟೀನ್ ಸಾಕಷ್ಟು ಸೇರಬೇಕು. ಅಷ್ಟರಲ್ಲಿ ನಮ್ಮ ಮೂರು ಗಂಟೆಗಳು ಕಳೆದುಹೋಗಿರುತ್ತವೆ.

ಬೆಳಕಿನಿಂದ ಜೀವಕೋಶವನ್ನು ನಿಯಂತ್ರಿಸುವ ಆಪ್ಟೋಜೆನೆಟಿಕ್ಸ್ ಎಂಬ ವಿದ್ಯೆ ಹೆಸರು ಮಾಡಿದ್ದು ನರವಿಜ್ಞಾನದಲ್ಲಿ. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯಲ್ಲಿರುವ, ಬೆಳಕು ಬಿದ್ದಾಗ ತೆರೆದುಕೊಳ್ಳುವ ಚಾನೆಲ್‌ರೊಡಾಪ್ಸಿನ್-2 ಎಂಬ ಪ್ರೋಟೀನನ್ನು 2003ರಲ್ಲಿ ವಿವರಿಸಲಾಯಿತು. 2005ರಲ್ಲಿ ಅದನ್ನು ನರಕೋಶಗಳಲ್ಲಿ ಇಟ್ಟು ಬೆಳಕಿನಿಂದ ನರವನ್ನು ಮಿಡಿಸಿದರು. ಆದರೆ ಜೀನ್‌ಗಳ ವಿಷಯದಲ್ಲಿ ಅಯಾನುಗಳನ್ನು ಒಳಬಿಡುವ ಬಾಗಿಲಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ಬೇಕಾದದ್ದು, ಬೆಳಕು ಬಿದ್ದಾಗ ಆಕಾರ ಬದಲಿಸುವ, ಇಲ್ಲವೇ ಇನ್ನೊಂದಕ್ಕೆ ಅಂಟಿಕೊಳ್ಳುವ ಪ್ರೋಟೀನ್. ಅವು ಸಿಕ್ಕಿದ್ದು ಗಿಡಗಳಲ್ಲಿ. ಬೆಳಕಿನತ್ತ ಬಾಗಲು ಓಟ್ಸ್ ಗಿಡ ಬಳಸುವ ಫೋಟೊಟ್ರೋಪಿನ್ ಎಂಬ ಪ್ರೋಟೀನಿನಲ್ಲಿ ಲೋವ್2 ಎಂದು ಕರೆಯುವ ಒಂದು ತುಣುಕಿದೆ. ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಬಿದ್ದಾಗ, ಅದರೊಳಗಿನ ಫ್ಲೇವಿನ್ ಅಣು ಪ್ರೋಟೀನಿಗೆ ಬಂಧ ಬೆಸೆದುಕೊಂಡು, ಅದುವರೆಗೆ ಮೈಗೆ ಅಂಟಿಕೊಂಡಿದ್ದ ಸುರುಳಿಯೊಂದು ಬಿಚ್ಚಿಕೊಳ್ಳುತ್ತದೆ. ಕತ್ತಲಾದರೆ ಸುರುಳಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡೋಪ್ಸಿಸ್ ಎಂಬ ಕಳೆಗಿಡದ ಕ್ರಿಪ್ಟೋಕ್ರೋಮ್ 2 ಎಂಬ ಪ್ರೋಟೀನ್ ಇದೇ ನೀಲಿ ಬೆಳಕಿಗೆ ಇನ್ನೊಂದು ಬಗೆಯಲ್ಲಿ ಸ್ಪಂದಿಸುತ್ತದೆ: ತನ್ನ ಜೊತೆಗಾರ ಪ್ರೋಟೀನಿಗೆ ಅಂಟುತ್ತದೆ, ಒಮ್ಮೊಮ್ಮೆ ತನ್ನತನಗೇ ಗುಂಪುಗೂಡುತ್ತದೆ, ಕತ್ತಲಲ್ಲಿ ಕೆಲವೇ ನಿಮಿಷಗಳಲ್ಲಿ ಬಿಡಿಬಿಡಿಯಾಗುತ್ತದೆ. 2010ರಲ್ಲಿ ಇದನ್ನು ಪ್ರಾಣಿಕೋಶಗಳಲ್ಲಿ ಸಲಕರಣೆಯಾಗಿ ಬಳಸಿ ತೋರಿಸಲಾಯಿತು. ಎರಡಕ್ಕೂ ಬೇಕಾದ ಫ್ಲೇವಿನ್ ನೊಣದ ಕೋಶದಲ್ಲೂ ನಮ್ಮ ಕೋಶದಲ್ಲೂ ಸಹಜವಾಗಿಯೇ ಇರುವುದರಿಂದ ಹೊರಗಿನಿಂದ ಯಾವ ರಾಸಾಯನಿಕವನ್ನೂ ಬೆರೆಸಬೇಕಾಗಿಲ್ಲ. ಇವು ಇಷ್ಟು ಬೇಗ ಎಲ್ಲೆಡೆ ಹರಡಲು ಈ ಅನುಕೂಲವೂ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಈಗ ಬೈಕಾಯ್ಡ್‌ಗೆ ಬರೋಣ. ಸಿಂಗಪುರದಲ್ಲಿ ತಿಮತಿ ಸಾಂಡರ್ಸ್ ಮತ್ತು ನಿಕೊಲಾಸ್ ಟೊಲ್ವಿನ್ಸ್ಕಿ ಅವರ ಪ್ರಯೋಗಾಲಯಗಳಿಂದ 2017ರಲ್ಲಿ ಬಂದ ಕೆಲಸ ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಮಾದರಿ ಪ್ರಯೋಗ. ಅವರು ಬೈಕಾಯ್ಡ್ ಪ್ರೋಟೀನಿಗೆ ಕ್ರಿಪ್ಟೋಕ್ರೋಮ್ 2 ಅನ್ನು ಜೋಡಿಸಿ, ಸ್ವಂತ ಬೈಕಾಯ್ಡ್ ಇಲ್ಲದ ನೊಣಗಳಲ್ಲಿ ಅದನ್ನು ಇಟ್ಟರು. ಕತ್ತಲಲ್ಲಿ ಈ ಜೋಡಿ ಪ್ರೋಟೀನ್ ಬೈಕಾಯ್ಡ್‌ನ ಕೆಲಸವನ್ನು ಮಾಡುತ್ತದೆ, ಭ್ರೂಣ ಸರಿಯಾಗಿ ಬೆಳೆಯುತ್ತದೆ. ನೀಲಿ ಬೆಳಕು ಬಿದ್ದರೆ ಅದರ ಜೀನ್ ತೆರೆಯುವ ಶಕ್ತಿ ನಿಲ್ಲುತ್ತದೆ. ಬೆಳಕು ಆರಿಸಿದರೆ ಶಕ್ತಿ ಮರಳುತ್ತದೆ. ಇಲ್ಲಿ ಬೆಳಕು ಚಾಲೂ ಮಾಡುವ ಗುಂಡಿಯಲ್ಲ, ನಿಲ್ಲಿಸುವ ಗುಂಡಿ. ಹೀಗಾಗಿ ಮೂರು ಗಂಟೆಗಳ ಯಾವುದೇ ಹೊತ್ತಿನಲ್ಲಿ ಬೈಕಾಯ್ಡ್‌ಗೆ ಬಿಡುವು ಕೊಟ್ಟು, ಮಾರನೆಯ ದಿನ ಲಾರ್ವಾದ ಮೈಯಲ್ಲಿ ಏನೇನು ಇಲ್ಲವಾಗಿದೆ ಎಂದು ನೋಡುವುದು ಸಾಧ್ಯವಾಯಿತು.

ಮೊದಲ ಒಂದು ಗಂಟೆ ಬೈಕಾಯ್ಡ್ ಕೆಲಸ ಮಾಡದಿದ್ದರೂ ಭ್ರೂಣ ಬದುಕುತ್ತದೆ. ಭ್ರೂಣದ ಸ್ವಂತ ಜೀನ್‌ಗಳು ಬಹುತೇಕ ಮೌನವಾಗಿದ್ದು, ತಾಯಿ ಮೊಟ್ಟೆಯಲ್ಲಿ ಇಟ್ಟುಹೋದ ಸರಕಿನಿಂದಲೇ ಕೆಲಸ ನಡೆಯುವ ಹೊತ್ತು ಅದು. ಆದ್ದರಿಂದ ಇದು ತೀರ ಅನಿರೀಕ್ಷಿತವಲ್ಲ. ಆ ಬಳಿಕದ ಅವಧಿಯುದ್ದಕ್ಕೂ ಮಾತ್ರ ಬೈಕಾಯ್ಡ್ ಬೇಕೇ ಬೇಕು. ನಿಜವಾದ ಸುದ್ದಿ ಇರುವುದು ಇದರ ಮುಂದಿನ ವಿವರದಲ್ಲಿ. ಬಿಡುವು ಚಿಕ್ಕದಾಗಿದ್ದರೆ ಕೆಡುವುದು ತೀರ ಮುಂದಿನ ಭಾಗ ಮಾತ್ರ, ಎಂದರೆ ತಲೆಯ ತುದಿಯ ರಚನೆಗಳು. ಬಿಡುವು ಉದ್ದವಾದಷ್ಟೂ ಕೇಡು ಮುಂದಿನಿಂದ ಹಿಂದಕ್ಕೆ, ತಲೆಯಿಂದ ಎದೆಯತ್ತ ಹರಡುತ್ತ ಹೋಗುತ್ತದೆ. ಬೈಕಾಯ್ಡ್ ಅತ್ಯಂತ ಹೆಚ್ಚಾಗಿರುವ ಜಾಗವೇ ಅದರ ಗೈರುಹಾಜರಿಯನ್ನು ಅತ್ಯಂತ ಕಡಿಮೆ ಸಹಿಸುವ ಜಾಗವೂ ಹೌದು.

ಇದನ್ನು ಓದಿದಾಗ ನನಗೆ ತಲೆಕೆಳಗಾದಂತೆ ಕಂಡಿತ್ತು. ಸರಕು ಹೇರಳವಾಗಿ ಇರುವ ಕಡೆ ಸ್ವಲ್ಪ ಹೊತ್ತಿನ ಅಭಾವವನ್ನು ತಾಳಿಕೊಳ್ಳಬಹುದು, ಅಂಚಿನಲ್ಲಿರುವವರಿಗೇ ಮೊದಲು ತಾಪತ್ರಯ ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಮುಂದಿನ ತುದಿಯ ಜೀನ್‌ಗಳು ಬೈಕಾಯ್ಡ್ ಅನ್ನೇ ಬಹಳವಾಗಿ ನಂಬಿಕೊಂಡಿವೆ. ಹಿಂದಿನವು ಅಷ್ಟಾಗಿ ಅದಕ್ಕೆ ಜೋತುಬಿದ್ದಿಲ್ಲ. 1969ರಲ್ಲಿ ಲೂಯಿಸ್ ವೋಲ್ಪರ್ಟ್ ಅವರು ಮುಂದಿಟ್ಟ, ಫ್ರಾನ್ಸಿನ ಬಾವುಟದ ಮೂರು ಬಣ್ಣದ ಪಟ್ಟಿಗಳ ಚಿತ್ರದಿಂದ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತವಾಗಿರುವ ಸಿದ್ಧಾಂತದಲ್ಲಿ, ಕೋಶವು ತನ್ನ ಸುತ್ತಲಿನ ರಾಸಾಯನಿಕದ ಪ್ರಮಾಣವನ್ನು ಅಳೆದು ತನ್ನ ಸ್ಥಾನವನ್ನು ಅರಿಯುತ್ತದೆ. ಪ್ರಮಾಣದ ಜೊತೆಗೆ ಅವಧಿಯನ್ನೂ ಕೋಶ ಅಳೆಯುತ್ತದೆ, ಹೆಚ್ಚಿನ ಪ್ರಮಾಣ ಬೇಡುವ ಕೋಶವೇ ಹೆಚ್ಚಿನ ಅವಧಿಯನ್ನೂ ಬೇಡುತ್ತದೆ ಎಂಬ ಮಾತನ್ನು ಆ ಬಾವುಟದ ಚಿತ್ರಕ್ಕೆ ಸೇರಿಸದೆ ಪಾಠ ಮುಗಿಸುವುದು ಇನ್ನು ಸರಿಯಲ್ಲ ಎಂದು ನಾನು ಭಾವಿಸಿದ್ದೇನೆ.

ಭ್ರೂಣದ ಜೀನ್‌ಗಳು ಮೌನ ಮುರಿಯುವ ಗಳಿಗೆಯ ಬಗೆಗೂ ಇಂಥದ್ದೇ ಒಂದು ಪ್ರಯೋಗವಿದೆ. ಬಿಗಿಯಾಗಿ ಸುತ್ತಿದ ಡಿಎನ್‌ಎಯನ್ನು ಮೊದಲಿಗೆ ಸಡಿಲಿಸಿ ಇತರ ಪ್ರೋಟೀನ್‌ಗಳಿಗೆ ದಾರಿ ಮಾಡಿಕೊಡುವುದು ಜೆಲ್ಡಾ ಎಂಬ ಪ್ರೋಟೀನ್. ದಾರಿ ಮಾಡಿದ ಮೇಲೆ ಅದರ ಕೆಲಸ ಮುಗಿಯಿತೇ, ಅಥವಾ ಅದು ಅಲ್ಲೇ ನಿಂತು ದಾರಿಯನ್ನು ತೆರೆದು ಹಿಡಿದಿರಬೇಕೇ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೆಲಿಸಾ ಹ್ಯಾರಿಸನ್ ಅವರ ತಂಡ 2019ರಲ್ಲಿ ಜೆಲ್ಡಾಗೆ ಕ್ರಿಪ್ಟೋಕ್ರೋಮ್ 2 ಜೋಡಿಸಿ, ಬೇರೆಬೇರೆ ಹಂತಗಳಲ್ಲಿ ನೀಲಿ ಬೆಳಕಿನಿಂದ ಅದನ್ನು ನಿಷ್ಕ್ರಿಯಗೊಳಿಸಿ ನೋಡಿತು. ಜೀನ್‌ಗಳು ವ್ಯಾಪಕವಾಗಿ ಎಚ್ಚೆತ್ತ ನಂತರವೂ ಜೆಲ್ಡಾ ಬೇಕು ಎಂಬುದು ಉತ್ತರ. ಒಮ್ಮೆ ಬಾಗಿಲು ತೆಗೆದು ಹೊರಟುಹೋಗುವ ಪ್ರೋಟೀನ್ ಎಂದು ಅದನ್ನು ಕಲ್ಪಿಸಿಕೊಂಡವರು ಆ ಕಲ್ಪನೆಯನ್ನು ಬಿಡಬೇಕಾಯಿತು.

ಇದುವರೆಗಿನ ಪ್ರಯೋಗಗಳಲ್ಲಿ ಫಲಿತಾಂಶ ಗೊತ್ತಾಗುವುದು ತಡವಾಗಿ, ಭ್ರೂಣ ಬೆಳೆದ ಮೇಲೆ ಅಥವಾ ಅದನ್ನು ಕೊಂದು ಪರೀಕ್ಷಿಸಿದ ಮೇಲೆ. ಬೆಳಕಿನಿಂದ ಪ್ರೋಟೀನನ್ನು ಅಲುಗಾಡಿಸುತ್ತಿರುವಾಗಲೇ ಜೀನ್ ಏನು ಮಾಡುತ್ತಿದೆ ಎಂದು ನೋಡಲು ಇನ್ನೊಂದು ಉಪಾಯ ಬೇಕು. ಅದು ಬಂದದ್ದು ಎಂಎಸ್2 ಎಂಬ, ಬ್ಯಾಕ್ಟೀರಿಯಾಗಳನ್ನು ಕಾಡುವ ವೈರಸ್‌ನಿಂದ. ಆ ವೈರಸ್‌ನ ಆರ್‌ಎನ್‌ಎಯಲ್ಲಿರುವ ಒಂದು ಕುಣಿಕೆಯನ್ನು ಅದರ ಹೊರಕವಚದ ಪ್ರೋಟೀನ್ ಗುರುತು ಹಿಡಿದು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಮಗೆ ಬೇಕಾದ ಜೀನ್‌ನಲ್ಲಿ ಇಂಥ ಹಲವು ಕುಣಿಕೆಗಳ ಸಾಲನ್ನು ಸೇರಿಸಿ, ಕವಚದ ಪ್ರೋಟೀನಿಗೆ ಹೊಳೆಯುವ ಪ್ರತಿದೀಪಕ ಪ್ರೋಟೀನನ್ನು ಕಟ್ಟಿದರೆ, ಆ ಜೀನ್ ಆರ್‌ಎನ್‌ಎಯಾಗಿ ನಕಲಾಗುತ್ತಿರುವ ಜಾಗದಲ್ಲೇ ಒಂದು ಚುಕ್ಕೆ ಬೆಳಗುತ್ತದೆ. ಚುಕ್ಕೆ ಇದ್ದರೆ ಜೀನ್ ನಡೆಯುತ್ತಿದೆ, ಇಲ್ಲದಿದ್ದರೆ ನಿಂತಿದೆ. ಪ್ರಖರವಾಗಿದ್ದರೆ ಹೆಚ್ಚು ನಕಲುಗಳು ಒಟ್ಟಿಗೆ ಹೊರಡುತ್ತಿವೆ. 2013ರಿಂದ ನೊಣದ ಭ್ರೂಣದಲ್ಲಿ ಈ ಚುಕ್ಕೆಗಳನ್ನು ಜೀವಂತವಾಗಿ ನೋಡಲು ಸಾಧ್ಯವಾಗಿದೆ. ಜೀನ್‌ಗಳು ನಲ್ಲಿಯ ನೀರಿನಂತೆ ಸಮವಾಗಿ ಹರಿಯುವುದಿಲ್ಲ, ಥಟ್ಟನೆ ಸಿಡಿದು ಥಟ್ಟನೆ ನಿಲ್ಲುತ್ತವೆ ಎಂಬುದು ಆಗ ಕಣ್ಣಿಗೇ ಕಂಡಿತು.

ಬರ್ಕ್ಲಿಯ ಹರ್ನಾನ್ ಗಾರ್ಸಿಯಾ ಅವರ ಪ್ರಯೋಗಾಲಯ ಈ ಎರಡು ಉಪಾಯಗಳನ್ನೂ ಒಂದೇ ಭ್ರೂಣದಲ್ಲಿ ಕೂಡಿಸಿತು. ಆ ಕೆಲಸ 2024ರಲ್ಲಿ ಪ್ರಕಟವಾಯಿತು. ಅವರು ಆಯ್ದುಕೊಂಡದ್ದು ನಿರ್ಪ್ಸ್ ಎಂಬ, ಜೀನ್‌ಗಳನ್ನು ತಡೆಯುವ ಪ್ರೋಟೀನ್. ಭ್ರೂಣದ ಮೈಮೇಲೆ ಈವನ್-ಸ್ಕಿಪ್ಡ್ ಎಂಬ ಜೀನ್ ಏಳು ಪಟ್ಟೆಗಳಾಗಿ ಮೂಡುತ್ತದೆ. ಏಳಕ್ಕೂ ಒಂದೇ ನಿಯಂತ್ರಣವಿಲ್ಲ. ಡಿಎನ್‌ಎಯಲ್ಲಿ ಎನ್‌ಹಾನ್ಸರ್ ಎಂಬ ಬೇರೆಬೇರೆ ತುಣುಕುಗಳು ಬೇರೆಬೇರೆ ಪಟ್ಟೆಗಳನ್ನು ನೋಡಿಕೊಳ್ಳುತ್ತವೆ. ಅವುಗಳಲ್ಲೊಂದು ನಾಲ್ಕನೆಯ ಮತ್ತು ಆರನೆಯ ಪಟ್ಟೆಗಳೆರಡನ್ನೂ ಮೂಡಿಸುತ್ತದೆ. ನಡುವಿನ ಜಾಗದಲ್ಲಿ ನಿರ್ಪ್ಸ್ ಇದ್ದು ಆ ಎನ್‌ಹಾನ್ಸರನ್ನು ತಡೆಯುವುದರಿಂದಲೇ ಅವು ಒಂದು ಅಗಲವಾದ ಪಟ್ಟೆಯಾಗದೆ ಎರಡು ಪಟ್ಟೆಗಳಾಗಿ ಉಳಿಯುತ್ತವೆ. ಈ ನಿರ್ಪ್ಸ್‌ಗೆ ಲೆಕ್ಸಿ ಎಂಬ ಸಲಕರಣೆಯನ್ನು ಜೋಡಿಸಲಾಯಿತು. ಓಟ್ಸ್‌ನ ಲೋವ್2 ತುಣುಕಿನ ಸುರುಳಿಯಲ್ಲಿ, ಕೋಶಕೇಂದ್ರದಿಂದ ಹೊರಗೆ ಕಳಿಸು ಎಂಬ ಸಂಕೇತವನ್ನು ಮರೆಮಾಡಿ ಇಟ್ಟಿರುವುದೇ ಲೆಕ್ಸಿ. ನೀಲಿ ಬೆಳಕಿನಲ್ಲಿ ಸುರುಳಿ ಬಿಚ್ಚುತ್ತದೆ, ಸಂಕೇತ ಬಯಲಾಗುತ್ತದೆ, ಕೋಶದ ಸಾಗಣೆಯ ವ್ಯವಸ್ಥೆ ನಿರ್ಪ್ಸ್ ಅನ್ನು ಹಿಡಿದು ಕೇಂದ್ರದಿಂದ ಹೊರಹಾಕುತ್ತದೆ. ಜೀನ್‌ಗಳಿರುವುದು ಕೇಂದ್ರದೊಳಗೆ, ಹೊರಗಿರುವ ನಿರ್ಪ್ಸ್ ಇದ್ದೂ ಇಲ್ಲದಂತೆ.

ತಡೆಯುವ ಪ್ರೋಟೀನ್ ಹೇಗೆ ತಡೆಯುತ್ತದೆ ಎಂಬುದರ ಬಗ್ಗೆ ಎರಡು ಬಗೆಯ ಊಹೆಗಳು ಸಾಧ್ಯ. ಅದು ಡಿಎನ್‌ಎಯ ಸುತ್ತಲಿನ ಪ್ರೋಟೀನ್‌ಗಳ ಮೇಲೆ ರಾಸಾಯನಿಕ ಗುರುತುಗಳನ್ನು ಬಿಟ್ಟು, ತಾನು ಹೋದ ಮೇಲೂ ಜೀನ್ ಮುಚ್ಚಿಕೊಂಡೇ ಇರುವಂತೆ ಮಾಡಬಹುದು. ಇಲ್ಲವೇ, ಅದು ಇರುವಷ್ಟು ಹೊತ್ತು ಮಾತ್ರ ತಡೆ, ಹೋದ ಕೂಡಲೇ ತೆರವು. ನಿರ್ಪ್ಸ್‌ನ ಪ್ರಮಾಣ ಏರಿದಾಗ ಒಂದೊಂದು ಕೇಂದ್ರದಲ್ಲೂ ಜೀನ್ ಥಟ್ಟನೆ ನಿಂತು ದೀರ್ಘಕಾಲ ಸುಮ್ಮನಿರುವುದನ್ನು ನೋಡಿದರೆ ಮೊದಲನೆಯ ಊಹೆಯೇ ಸರಿ ಎನಿಸುತ್ತದೆ. ಆದರೆ ಬೆಳಕು ಹಾಯಿಸಿ ನಿರ್ಪ್ಸ್ ಅನ್ನು ಹೊರಹಾಕಿದಾಗ, ಸುಮ್ಮನಿದ್ದ ಜೀನ್ ಸುಮಾರು ಒಂದೇ ನಿಮಿಷದಲ್ಲಿ ಮತ್ತೆ ನಡೆಯತೊಡಗಿತು. ಅದಕ್ಕೆ ಮೊದಲು ಎಷ್ಟು ಹೊತ್ತು ತಡೆಯಲ್ಪಟ್ಟಿತ್ತು ಎಂಬುದರಿಂದ ಈ ಮರುಚಾಲನೆಯ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಜೀನ್ ತನ್ನ ಹಿಂದಿನ ತಡೆಯನ್ನು ನೆನಪಿಟ್ಟುಕೊಂಡಿರಲಿಲ್ಲ. ನಿರ್ಪ್ಸ್ ಮಾಡುತ್ತಿದ್ದದ್ದು ಸಿಡಿತಗಳು ಎಷ್ಟು ಸಲ ಆಗುತ್ತವೆ ಎಂಬುದನ್ನು ಕಡಿಮೆ ಮಾಡುವ ಕೆಲಸವನ್ನು.

ಇದು ಸಣ್ಣ ವಿವರದಂತೆ ಕಾಣಬಹುದು, ನನಗೆ ಹಾಗನ್ನಿಸುವುದಿಲ್ಲ. ಅಭಿವರ್ಧನ ಜೀವಶಾಸ್ತ್ರದಲ್ಲಿ ನಾವು ತೀರ್ಮಾನ, ಬದ್ಧತೆ, ನೆನಪು ಎಂಬ ಪದಗಳನ್ನು ಧಾರಾಳವಾಗಿ ಬಳಸುತ್ತೇವೆ. ಕೋಶ ತನ್ನ ಹಣೆಬರಹವನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ನಿಜವೇ; ಆದರೆ ಆ ನೆನಪು ಇರುವುದು ಎಲ್ಲಿ? ಈ ಪ್ರಯೋಗ ಹೇಳುವ ಪ್ರಕಾರ, ಕನಿಷ್ಠ ಈ ಹಂತದಲ್ಲಿ, ಈ ಜೀನ್‌ನಲ್ಲಿ, ಅದು ಡಿಎನ್‌ಎಯ ಮೇಲಿನ ಗುರುತಿನಲ್ಲಿ ಇಲ್ಲ. ತಡೆಯುವ ಪ್ರೋಟೀನಿನ ಪೂರೈಕೆ ಮುಂದುವರಿಯುವುದರಲ್ಲೇ ಇದೆ. ಪ್ರೋಟೀನನ್ನು ಒಂದೇ ನಿಮಿಷದಲ್ಲಿ ತೆಗೆದು ನೋಡುವ ಉಪಾಯವಿಲ್ಲದೆ, ಚುಕ್ಕೆಗಳನ್ನು ಸುಮ್ಮನೆ ಗಮನಿಸುವುದರಿಂದ ಮಾತ್ರವೇ ಈ ಎರಡು ಊಹೆಗಳನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ.

ಮೇಲಿನ ಪ್ರಯೋಗಗಳೆಲ್ಲ ಇರುವುದನ್ನು ತೆಗೆದು ನೋಡಿದವು. ಇಲ್ಲದ್ದನ್ನು ಬೆಳಕಿನಿಂದ ಬರೆಯಲೂ ಬಹುದು. ಪ್ರಿನ್ಸ್‌ಟನ್‌ನಲ್ಲಿ ಜೇರೆಡ್ ಟೆಚರ್ ಮತ್ತು ಸ್ಟಾನಿಸ್ಲಾವ್ ಶ್ವಾರ್ಟ್ಸ್‌ಮನ್ ಅವರ ತಂಡಗಳು ಭ್ರೂಣದ ಎರಡು ತುದಿಗಳ ಮೇಲೆ ಕೆಲಸ ಮಾಡಿದವು. ಸಹಜವಾಗಿ ಈ ತುದಿಗಳಲ್ಲಿ ಟೋರ್ಸೊ ಎಂಬ ಗ್ರಾಹಕ ಪ್ರೋಟೀನ್ ಎಚ್ಚೆತ್ತು, ರಾಸ್ ಮತ್ತು ಇಆರ್‌ಕೆ ಎಂಬ ಪ್ರೋಟೀನ್‌ಗಳ ಸರಪಳಿಯ ಮೂಲಕ ಟೇಲ್‌ಲೆಸ್, ಹಕ್‌ಬೈನ್ ಮೊದಲಾದ ಜೀನ್‌ಗಳನ್ನು ತೆರೆಯುತ್ತದೆ. ಇಆರ್‌ಕೆಯ ಚಟುವಟಿಕೆ ತುದಿಯಲ್ಲಿ ತೀವ್ರವಾಗಿದ್ದು ನಡುವಿನತ್ತ ಇಳಿಯುತ್ತದೆ, ಆ ಇಳಿಜಾರನ್ನು ಓದಿಯೇ ಹಕ್‌ಬೈನ್ ಕಿರಿದಾಗಿಯೂ ಟೇಲ್‌ಲೆಸ್ ಅಗಲವಾಗಿಯೂ ಮೂಡುತ್ತವೆ ಎಂಬುದು ಪಠ್ಯದ ವಿವರಣೆ. ಸಂಶೋಧಕರು ತುದಿಯ ಈ ಸಂಕೇತವೇ ಇಲ್ಲದ, ಹಾಗಾಗಿ ಖಂಡಿತ ಸಾಯುವ ಭ್ರೂಣಗಳನ್ನು ತೆಗೆದುಕೊಂಡು, ನೀಲಿ ಬೆಳಕು ಬಿದ್ದ ಕಡೆ ಮಾತ್ರ ರಾಸ್ ಅನ್ನು ಎಬ್ಬಿಸುವ ಸಲಕರಣೆಯನ್ನು ಅವುಗಳಲ್ಲಿ ಅಳವಡಿಸಿ, ಎರಡೂ ತುದಿಗಳಿಗೆ 90 ನಿಮಿಷ ಬೆಳಕು ಕೊಟ್ಟರು. ಸಾಯಬೇಕಾಗಿದ್ದ ಭ್ರೂಣಗಳಿಂದ ಲಾರ್ವಾಗಳು ಹೊರಬಂದವು. ಅವು ಬೆಳೆದು, ಸಂತಾನ ಪಡೆಯಬಲ್ಲ ನೊಣಗಳೂ ಆದವು. 2020ರ ಈ ಲೇಖನವನ್ನು ತರಗತಿಯಲ್ಲಿ ಓದಿಸಿದಾಗಲೆಲ್ಲ ವಿದ್ಯಾರ್ಥಿಗಳು ಇಲ್ಲಿಗೆ ಬಂದು ನಿಲ್ಲುತ್ತಾರೆ. ನಾನು ಅವರನ್ನು ಮುಂದಿನ ಪುಟಕ್ಕೆ ಕರೆದೊಯ್ಯುತ್ತೇನೆ, ಏಕೆಂದರೆ ಬದುಕಿಸಿದ್ದಕ್ಕಿಂತ ಹೆಚ್ಚಿನ ಅಚ್ಚರಿ ಬದುಕಿಸಿದ ಬೆಳಕಿನ ಸರಳತೆಯಲ್ಲಿದೆ. ಅದರಲ್ಲಿ ನಯವಾದ ಏರಿಳಿತ ಇರಬೇಕಾಗಿರಲಿಲ್ಲ. ಇದೆ ಅಥವಾ ಇಲ್ಲ ಎಂಬಷ್ಟೇ ಒರಟಾದ ಬೆಳಕು ಸಾಕಾಯಿತು. ಇಆರ್‌ಕೆಯ ಇಳಿಜಾರು ತಗ್ಗಿ, ಜೀನ್‌ಗಳ ನಡುವಿನ ಜಾಗದ ಮತ್ತು ಕಾಲದ ವ್ಯತ್ಯಾಸ ಅಳಿಸಿಹೋದರೂ ನೊಣ ಬೆಳೆಯಿತು. ಹಿಂಭಾಗದ ಬೆಳಕಿನ ಪಟ್ಟಿಯ ಅಗಲ ಮೂರು ಪಟ್ಟು ವ್ಯತ್ಯಾಸವಾದರೂ ಭ್ರೂಣದ ಪದರಗಳು ಒಳಮಡಚಿಕೊಳ್ಳುವ ಚಲನೆಗಳು ಕೆಡಲಿಲ್ಲ.

ಹಾಗಾದರೆ ಇಳಿಜಾರು ವ್ಯರ್ಥವೇ? ಹಾಗೆಂದು ತೀರ್ಮಾನಿಸುವುದು ಆತುರವಾಗುತ್ತದೆ. ಪ್ರಯೋಗಾಲಯದ ಮೊಟ್ಟೆ ಒಂದೇ ಉಷ್ಣತೆಯಲ್ಲಿ, ಒಂದೇ ತೇವದಲ್ಲಿ ಸುಖವಾಗಿ ಬೆಳೆಯುತ್ತದೆ; ಕೊಳೆತ ಬಾಳೆಹಣ್ಣಿನ ಮೇಲಿನ ಮೊಟ್ಟೆಗೆ ಆ ಸುಖವಿಲ್ಲ. ಬದುಕಲು ಇಷ್ಟು ಸಾಕು ಎಂಬುದಕ್ಕೂ ವಿಕಾಸದ ದಾರಿಯಲ್ಲಿ ಉಳಿದದ್ದು ಯಾಕೆ ಉಳಿಯಿತು ಎಂಬುದಕ್ಕೂ ಅಂತರವಿದೆ. ಆದರೂ, ಭ್ರೂಣದ ಮೇಲೆ ಕಾಣುವ ಪ್ರತಿಯೊಂದು ನಯವಾದ ಆಕೃತಿಯನ್ನೂ ಅದು ಓದಿಯೇ ಓದುತ್ತದೆ ಎಂದು ನಂಬಿಕೊಂಡು ಬಂದ ನಮ್ಮ ಅಭ್ಯಾಸಕ್ಕೆ ಇದರಿಂದ ಸರಿಯಾದ ಪೆಟ್ಟೇ ಬಿದ್ದಿದೆ.

ಪ್ರಯೋಗಾಲಯದ ದೈನಂದಿನ ಕಷ್ಟಗಳ ಬಗ್ಗೆ ಲೇಖನಗಳಲ್ಲಿ ಎರಡು ಸಾಲು ಇದ್ದರೆ ಹೆಚ್ಚು. ಇಂಥ ನೊಣಗಳ ಸೀಸೆಗಳಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಇಡಬೇಕು. ಹಣ್ಣಿನ ರಸದ ಅಗರ್ ತಟ್ಟೆಯಿಂದ ಮೊಟ್ಟೆಗಳನ್ನು ಆರಿಸುವುದು, ಬ್ಲೀಚಿನಲ್ಲಿ ಹೊರಸಿಪ್ಪೆ ಕಳೆಯುವುದು, ಸೂಕ್ಷ್ಮದರ್ಶಕದಡಿ ಜೋಡಿಸುವುದು, ಎಲ್ಲವೂ ಕತ್ತಲೆಯ ಕೋಣೆಯಲ್ಲಿ ಕೆಂಪು ದೀಪದಡಿ ನಡೆಯಬೇಕು. ಯಾರಾದರೂ ಅರಿಯದೆ ಬಾಗಿಲು ತೆರೆದರೆ ಆ ದಿನದ ಪ್ರಯೋಗ ಅಲ್ಲಿಗೆ ಮುಗಿಯಿತು. ಜೀವಶಾಸ್ತ್ರಜ್ಞರ ಅಚ್ಚುಮೆಚ್ಚಿನ ಹಸಿರು ಪ್ರತಿದೀಪಕ ಪ್ರೋಟೀನನ್ನು ನೋಡಲು 488 ನ್ಯಾನೋಮೀಟರಿನ ನೀಲಿ ಲೇಸರ್ ಬೇಕು, ಸಲಕರಣೆಯನ್ನು ಎಬ್ಬಿಸುವುದೂ ಅದೇ ಬೆಳಕು. ಆದ್ದರಿಂದ ನೋಡುವುದೆಂದರೆ ಗುಂಡಿ ಒತ್ತಿದಂತೆಯೇ. ಗುಂಡಿ ಒತ್ತದೆ ನೋಡಬೇಕಾದರೆ ಕೆಂಪು ಪ್ರತಿದೀಪಕಗಳಿಗೆ ಬದಲಾಯಿಸಬೇಕು, ಅವು ಸಾಮಾನ್ಯವಾಗಿ ಅಷ್ಟು ಪ್ರಖರವಲ್ಲ. ಹೆಚ್ಚಾದ ನೀಲಿ ಬೆಳಕು ತಾನೇ ಭ್ರೂಣಕ್ಕೆ ಹಾನಿ ಮಾಡಬಲ್ಲದಾದ್ದರಿಂದ, ಸಲಕರಣೆಯಿಲ್ಲದ ಭ್ರೂಣಕ್ಕೂ ಅಷ್ಟೇ ಬೆಳಕು ಕೊಟ್ಟು ಅದು ಆರೋಗ್ಯವಾಗಿ ಹೊರಬರುತ್ತದೆ ಎಂದು ಪ್ರತಿ ಸಲವೂ ತೋರಿಸಬೇಕು. ಇವೆಲ್ಲ ಸರಿಯಾದರೂ ಉಳಿಯುವ ಸಂದೇಹವೊಂದಿದೆ: ನಿಂತಿದೆ ಎಂದು ನಾವು ಹೇಳುವ ಪ್ರೋಟೀನ್ ನಿಜಕ್ಕೂ ಪೂರ್ತಿ ನಿಂತಿದೆಯೇ? ಲೆಕ್ಸಿ ಹೊರಹಾಕಿದ ಮೇಲೂ ಕೇಂದ್ರದೊಳಗೆ ಒಂದಿಷ್ಟು ಉಳಿಯಬಹುದು; ಕ್ರಿಪ್ಟೋಕ್ರೋಮ್ ಕಟ್ಟಿದ ಪ್ರೋಟೀನ್ ನಿಷ್ಕ್ರಿಯವಾದರೂ ಜಾಗ ಬಿಟ್ಟಿರಬೇಕೆಂದಿಲ್ಲ, ಗುಂಪುಗೂಡಿ ಬೇರೆ ಪ್ರೋಟೀನ್‌ಗಳಿಗೆ ತೊಡಕಾಗಲೂಬಹುದು. ಆದ್ದರಿಂದ ಒಂದೇ ಪ್ರಶ್ನೆಯನ್ನು ಎರಡು ಬೇರೆ ಸಲಕರಣೆಗಳಿಂದ ಕೇಳಿ ಒಂದೇ ಉತ್ತರ ಪಡೆದ ಕೆಲಸಗಳನ್ನು ನಾನು ಹೆಚ್ಚು ನಂಬುತ್ತೇನೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಎಂಬ ಈ ಹಣ್ಣುನೊಣಗಳ ಸಂಗ್ರಹ ಕೇಂದ್ರವಿದೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಹಣ್ಣುನೊಣವನ್ನೇ ನೆಚ್ಚಿಕೊಂಡ ಸಂಶೋಧನೆಗೆ ದೀರ್ಘ ಪರಂಪರೆಯಿದೆ; ಹೀಗಾಗಿ ನಮ್ಮ ವಿದ್ಯಾರ್ಥಿಗಳಿಗೆ ನೊಣ ಹೊಸದಲ್ಲ. ಇಡೀ ಭ್ರೂಣಕ್ಕೆ ಬೆಳಕು ಕೊಡುವ ಪ್ರಯೋಗಕ್ಕೆ ನೀಲಿ ಎಲ್‌ಇಡಿಗಳ ಸಾಲು, ಸಮಯ ನಿಯಂತ್ರಿಸುವ ಸಣ್ಣ ಸರ್ಕ್ಯೂಟು ಮತ್ತು ಕತ್ತಲೆ ಕೋಣೆ ಇದ್ದರೂ ಆರಂಭಿಸಬಹುದು ಎಂದು ಅವರಿಗೆ ಹೇಳುತ್ತಿರುತ್ತೇನೆ. ಖರ್ಚು ಏರುವುದು ಭ್ರೂಣದ ಆಯ್ದ ಜಾಗಕ್ಕಷ್ಟೇ ಬೆಳಕು ಹಾಯಿಸಬೇಕಾದಾಗ, ಅದರಲ್ಲೂ ಮೇಲಿನ ಪದರವನ್ನು ಮುಟ್ಟದೆ ಆಳದ ಕೋಶವೊಂದನ್ನೇ ಎಬ್ಬಿಸಬಲ್ಲ ಎರಡು-ಫೋಟಾನ್ ಸೂಕ್ಷ್ಮದರ್ಶಕ ಬೇಕಾದಾಗ.

ನೊಣದಾಚೆಗೆ ಹೋದರೆ ಜೀಬ್ರಾಮೀನಿನ ಭ್ರೂಣ ಈ ವಿದ್ಯೆಗೆ ಒಗ್ಗಿಕೊಂಡಿದೆ. ಅದು ತಾಯಿಯ ಹೊರಗೆ ಬೆಳೆಯುತ್ತದೆ, ಪಾರದರ್ಶಕವಾಗಿಯೂ ಇರುತ್ತದೆ. ಒಂದು ಸಮುದ್ರ ಬ್ಯಾಕ್ಟೀರಿಯಾದ ಇಎಲ್222 ಎಂಬ ಬೆಳಕು-ಪ್ರೋಟೀನಿನಿಂದ ಬೇಕಾದ ಜೀನ್ ತೆರೆಯುವ ವಿಧಾನವನ್ನು ಆ ಮೀನಿನಲ್ಲಿ 2017ರಲ್ಲಿ ತೋರಿಸಲಾಗಿದೆ. ಕೆಂಪು ಬೆಳಕಿಗೆ ಸ್ಪಂದಿಸುವ ಫೈಟೊಕ್ರೋಮ್ ಜೋಡಿಯನ್ನೂ ಅದರಲ್ಲಿ ಬಳಸಲಾಗಿದೆ. 650 ನ್ಯಾನೋಮೀಟರಿನ ಕೆಂಪು ಬೆಳಕಿನಿಂದ ಕೂಡುವ ಆ ಜೋಡಿ 750ರ ದೂರದ ಕೆಂಪಿನಿಂದ ಕೂಡಲೇ ಬಿಡುತ್ತದೆ, ಕತ್ತಲಿಗಾಗಿ ಕಾಯಬೇಕಾಗಿಲ್ಲ. ಆದರೆ ಅದಕ್ಕೆ ಬೇಕಾದ ವರ್ಣದ್ರವ್ಯವನ್ನು ಪ್ರಾಣಿಕೋಶಗಳು ತಯಾರಿಸುವುದಿಲ್ಲ, ಹೊರಗಿನಿಂದ ಸೂಜಿಯಲ್ಲಿ ಚುಚ್ಚಿಕೊಡಬೇಕು. ಇಲಿಯ ಭ್ರೂಣ ಗರ್ಭದೊಳಗೆ ಬೆಳೆಯುವಂಥದ್ದು, ಅಲ್ಲಿಗೆ ನೀಲಿ ಬೆಳಕು ತಲುಪುವುದೇ ಇಲ್ಲ. ಆದ್ದರಿಂದ ಸಸ್ತನಿಗಳ ಮಟ್ಟಿಗೆ ಇಂಥ ಕೆಲಸ ಸದ್ಯ ಹೆಚ್ಚಾಗಿ ತಟ್ಟೆಯಲ್ಲಿ ಬೆಳೆಸಿದ, ಬೇರೆಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಆಕರಕೋಶಗಳ ಮೇಲೆ ನಡೆಯುತ್ತಿದೆ. ಬೆಳಕಿನಿಂದ ವಿಂಟ್ ಎಂಬ ಸಂಕೇತವನ್ನು ಎಬ್ಬಿಸಿ, ಮಾನವ ಆಕರಕೋಶಗಳು ಮಧ್ಯಪದರದ ಕೋಶಗಳಾಗುವತ್ತ ತಿರುಗುವುದನ್ನು ಅಲ್ಲಿ ನೋಡಿದ್ದಾರೆ. ನೊಣಕ್ಕೆ ನಿಮಿಷಗಳಲ್ಲಿ ಮುಗಿಯುವುದು ಈ ಕೋಶಗಳಿಗೆ ಗಂಟೆಗಳನ್ನು, ದಿನಗಳನ್ನು ಹಿಡಿಯುತ್ತದೆ. ನಿರ್ಪ್ಸ್‌ನಂತೆ ಒಂದೇ ನಿಮಿಷದಲ್ಲಿ ತೆರವಾಗುವ, ನೆನಪಿಲ್ಲದ ತಡೆ ಇಷ್ಟು ನಿಧಾನವಾದ ಭ್ರೂಣಗಳಲ್ಲೂ ಇದೆಯೇ, ಅಥವಾ ದಿನಗಟ್ಟಲೆ ಜೀನ್ ಮುಚ್ಚಿಡಬೇಕಾದಲ್ಲಿ ಡಿಎನ್‌ಎಯ ಮೇಲಿನ ಗುರುತುಗಳು ಹೆಚ್ಚಿನ ಹೊಣೆ ಹೊರುತ್ತವೆಯೇ ಎಂಬುದು ಇದೇ ಸಲಕರಣೆಗಳಿಂದ ಕೇಳಬಹುದಾದ ಪ್ರಶ್ನೆ. ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕ್ಷೇತ್ರಕ್ಕೆ ಹೋಗುವುದಾದರೆ ಮೊದಲು ಇದನ್ನೇ ಕೈಗೆತ್ತಿಕೊಳ್ಳಲಿ ಎಂದು ನನ್ನ ಆಸೆ.